ಜೋಗುಪಾಳ್ಯದ ಮಧ್ಯಾಹ್ನದ ನಿದ್ದೆ

ವಿಮಾನಪುರ
9 ಮಾರ್ಚ್ 2025, ಭಾನುವಾರ

ಪ್ರೀತಿಯ ಹಂಸಾ,

ಚಿಂತಾಮಣಿಯಲ್ಲಿ ನೀನೂ ನಿನ್ನ ಅಣ್ಣ ಅತ್ತಿಗೆಯೂ ಚೆನ್ನಾಗಿದ್ದೀರಿ ಎಂದು ನಂಬಿಕೊಂಡು ಈ ಕಾಗದ ಬರೆಯುತ್ತಿದ್ದೇನೆ. ನಿನ್ನ ದೊಡ್ಡಮ್ಮನಿಗೆ ನೀನು ಫೋನಿನಲ್ಲಿ ‘ಹೂಂ’ ಅಂದು ತಿಂಗಳ ಮೇಲಾಯಿತು. ಆ ಒಂದು ‘ಹೂಂ’ನಿಂದ ಇಲ್ಲಿ ಏನೇನಾಯಿತು ಅಂತ ಮಾರನೆಯ ದಿನವೇ ತಿಳಿಸಬೇಕಿತ್ತು. ತಡಮಾಡಿದೆ, ಬೈದುಕೋ. ಮೊಬೈಲಿನಲ್ಲಿ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು, ಇದೇ ಆಯಿತು. ನಮ್ಮ ಮನೆಯವರು ನೋಡೀ ನೋಡೀ ಕೊನೆಗೆ, “ಕಾಗದದಾಗ ಬರಿ. ಅದನ್ನ ಅಳಸ್ಲಿಕ್ಕೆ ಬರೂದಿಲ್ಲ” ಅಂದರು. ಇವತ್ತು ವಿಮಾನದ ಫ್ಯಾಕ್ಟರಿಗೆ ರಜೆ. ಮೇಲೆ ವಿಮಾನಗಳ ಸದ್ದಿಲ್ಲದೆ ಆಕಾಶ ತೊಳೆದಿಟ್ಟ ಪಾತ್ರೆಯ ಹಾಗಿದೆ. ಬರೆಯಲು ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು.

ಲಿಂಗರಾಜಪುರದ ನಮ್ಮ ‘ಮಡಿಲು’ ಮನೆಯನ್ನು ಕೆಡವಿದರು ಹಂಸಾ. ಮಕ್ಕಳ ಆಸ್ಪತ್ರೆಯ ಕಾರಿಡಾರಿನಲ್ಲಿ ಪರಿಚಯವಾದ ನಾವಿಬ್ಬರು, ಹೊರಗೆ ಬೇವಿನ ಮರದಡಿ ಮಲಗುತ್ತಿದ್ದ ತಾಯಂದಿರನ್ನು ನೋಡಲಾರದೆ ಬಾಡಿಗೆಗೆ ಹಿಡಿದ ಮನೆ. ದೂರದ ಊರುಗಳಿಂದ ಮಕ್ಕಳ ಚಿಕಿತ್ಸೆಗೆ ಬಂದವರು ಅಲ್ಲಿ ಎಷ್ಟು ದಿನ ಬೇಕಾದರೂ ಇದ್ದು, ತಮ್ಮ ರೊಟ್ಟಿ ತಾವು ತಟ್ಟಿಕೊಂಡು, ಅಂಗಳದಲ್ಲಿ ಮಕ್ಕಳ ಬಟ್ಟೆ ಒಣಹಾಕುತ್ತಿದ್ದರಲ್ಲ, ಅದೇ ಅಂಗಳದಲ್ಲಿ ಈಗ ಜೆಸಿಬಿ ನಿಂತಿದೆ. ನಿನ್ನ ಕೂಸು ಭವ್ಯ ತೀರಿಕೊಂಡು ನೀನು ಊರಿಗೆ ಹೋದ ಮೇಲೂ ನಾವು ಒಂದಷ್ಟು ಹೆಂಗಸರು ಅದನ್ನು ಹೇಗೋ ನಡೆಸಿಕೊಂಡು ಬಂದಿದ್ದೆವು. ಕಳೆದ ಡಿಸೆಂಬರಿನಲ್ಲಿ ಮಾಲೀಕರು ಬಂದು, ಅಪಾರ್ಟ್‌ಮೆಂಟ್ ಕಟ್ಟಿಸುತ್ತೇವೆ, ಫೆಬ್ರವರಿ ಮುಗಿಯುವುದರೊಳಗೆ ಖಾಲಿ ಮಾಡಿ ಅಂದರು. ಕೆಟ್ಟವರಲ್ಲ. ಹೇಳುವಾಗ ನಮ್ಮ ಮುಖ ನೋಡದೆ ತುಳಸಿ ಗಿಡದ ಕಡೆ ನೋಡುತ್ತಿದ್ದರು.

ಹೊಸ ಮನೆಗೆ ಅಡ್ವಾನ್ಸ್ ಕೂಡಿಸಲು ಓಡಾಡಿದೆವು. ಇಂದಿರಾನಗರದ ಅಪಾರ್ಟ್‌ಮೆಂಟೊಂದರಲ್ಲಿ ಹೋಳಿಗೆ ಮೇಳ ಮಾಡಿದೆವು. ಅಲ್ಲಿನವರೆಲ್ಲ ಸಕ್ಕರೆ ಬಿಟ್ಟವರು, ಹೋಳಿಗೆಯ ಫೋಟೋ ತೆಗೆದುಕೊಂಡು ಹೋದರು. ಉಳಿದದ್ದನ್ನು ನಾವೇ ಒಂದು ವಾರ ತಿಂದೆವು. ಸೀರೆ ಮಾರಾಟವೂ ಹಾಗೇ. ಮಡಿಲಿನಲ್ಲಿ ಆಗ ನಾಲ್ಕು ಕುಟುಂಬಗಳಿದ್ದವು. ಅವರಿಗೆ ಏನು ಹೇಳುವುದು ಎಂದು ಯಾರಿಗೂ ತೋಚುತ್ತಿರಲಿಲ್ಲ.

ಆ ನಾಲ್ವರಲ್ಲಿ ಕುಷ್ಟಗಿ ಕಡೆಯ ಶರಣಮ್ಮ ಒಬ್ಬಳು. ಅವಳ ಮಗಳು ಹುಲಿಗೆಮ್ಮನಿಗೆ ಐದು ವರ್ಷ, ನಾವೆಲ್ಲ ಹುಲಿಗಿ ಅನ್ನುತ್ತೇವೆ. ಔಷಧಿ ಏರಿಸಿಕೊಂಡು ಬಂದ ದಿನ ಆ ಮಗು ನಿದ್ದೆಯಿಲ್ಲದೆ ಒದ್ದಾಡುತ್ತದೆ. ಒಂದು ಮಧ್ಯಾಹ್ನ ಶರಣಮ್ಮ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಮೆಲ್ಲಗೆ ಹಾಡಿದಳು.

ಜೋಳದ ತೆನಿ ಮ್ಯಾಲ ಗುಬ್ಬಿ ಮಲಗ್ಯಾವ
ನೀ ಯಾಕ ಎದ್ದಿ ನನ ಕೂಸ

ನಾನು ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದೆ. ಕೈ ನಿಧಾನವಾಯಿತು. ಸ್ವಲ್ಪ ಹೊತ್ತಿಗೆ ಮನೆಯೇ ನೀರಿನೊಳಗೆ ಇಳಿದ ಹಾಗೆ ಸದ್ದಡಗಿತು. ಎದ್ದು ನೋಡಿದರೆ ಹುಲಿಗಿ ಮಲಗಿದ್ದಾಳೆ, ಪಕ್ಕದ ಕೋಣೆಯ ಮಕ್ಕಳು ಮಲಗಿದ್ದಾರೆ, ಶಿವಾಜಿನಗರದಿಂದ ಹಾಲಿನ ಪ್ಯಾಕೆಟ್ ತಂದ ನಮ್ಮ ಅನೀಸ್ ಅಕ್ಕಿ ಮೂಟೆಗೆ ಒರಗಿ, ಬುರ್ಖಾ ಕೂಡ ತೆಗೆಯದೆ ಗೊರಕೆ ಹೊಡೆಯುತ್ತಿದ್ದಾಳೆ! ಎಚ್ಚರವಾದಾಗ ಅವಳಿಗೇ ನಾಚಿಕೆ. ಆಮೇಲೆ ಕಣ್ಣರಳಿಸಿ, “ಕಸಮ್‌ಸೇ ಪ್ರೇಮಕ್ಕಾ, ಎಷ್ಟೋ ವರ್ಷದಿಂದ ಹಿಂಗೆ ಮಲಗಿಲ್ಲ ನಾನು. ಈ ಊರಲ್ಲಿ ಬಿರಿಯಾನಿ ಎಲ್ಲಾ ಕಡೆ ಸಿಗ್ತದೆ, ಹೋಳಿಗೆ ಸಿಗ್ತದೆ. ಇಂಥ ನೀಂದ್, ಇಂಥ ನಿದ್ದೆ ಎಲ್ಲಿ ಸಿಗ್ತದೆ ಹೇಳಿ? ಅದನ್ನೇ ಮಾರೋಣ” ಅಂದಳು.

ತಮಾಷೆ ಅಂದುಕೊಂಡೆ. ಆದರೆ ಇಂದಿರಾನಗರದ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಧಾರವಾಡದ ಹುಡುಗಿ ರಶ್ಮಿ ಅದನ್ನೇ ಹಿಡಿದುಕೊಂಡಳು. ಮೂರೇ ದಿನದಲ್ಲಿ ಪೋಸ್ಟರ್ ತಯಾರು: ‘ಚಾಪೆ ನೀವು ತನ್ನಿ, ಜೋಗುಳ ನಾವು ಹಾಡ್ತೀವಿ.’

ಜಾಗ ಬೇಕಲ್ಲ. ಜೋಗುಪಾಳ್ಯದ ನಿನ್ನ ದೊಡ್ಡಮ್ಮನ ಹತ್ತಿರ ಹೋದೆವು. ಅಂಗಡಿಗಳ ಹಿಂದೆ, ನಿಮ್ಮ ತಾತನ ಕಾಲದಲ್ಲಿ ಎತ್ತು ಕಟ್ಟುತ್ತಿದ್ದ ಆ ಉದ್ದನೆಯ ಹೆಂಚಿನ ಹಜಾರವನ್ನು ಈಗ ಸೀಮಂತ, ನಾಮಕರಣಗಳಿಗೆ ಬಾಡಿಗೆಗೆ ಕೊಡುತ್ತಾರಲ್ಲ, ಅದನ್ನು ಕೇಳಿದೆವು. ನಿನ್ನ ದೊಡ್ಡಮ್ಮ ರಾಮಲಕ್ಷ್ಮಮ್ಮನವರು ಎಲೆ ಅಡಿಕೆ ಮಡಚುತ್ತ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. “ಏನಮ್ಮಾ, ನಿದ್ದೆ ಮಾಡಾಕೂ ಟಿಕೆಟ್ಟಾ? ನಮ್ಮನೇಲಿ ಮೈಗಳ್ಳರು ಪುಕ್ಸಟ್ಟೆ ಮಲಗ್ತಾರೆ ಕಣಮ್ಮ!” ಎಂದು ಎದ್ದು ಹೋದರು. ನಾವು ಚಪ್ಪಲಿ ಹಾಕಿಕೊಳ್ಳುವಾಗ ಒಳಗಿನಿಂದ ಕೂಗು ಬಂತು: “ಭಾನುವಾರ ತಾನೆ? ಗುಡಿಸಿ ಇಕ್ಕಿರ್ತೀನಿ.”

ಜನವರಿಯ ಆ ಭಾನುವಾರವನ್ನು ನಿನಗೆ ಹೇಗೆ ಬಣ್ಣಿಸಲಿ! ಮಧ್ಯಾಹ್ನದ ಹದವಾದ ಬಿಸಿಲು. ಗಾಜಿನ ಹೆಂಚಿನಿಂದ ಇಳಿದ ಬೆಳಕು ನೆಲದ ಮೇಲೆ ಹಳದಿ ರುಮಾಲುಗಳ ಹಾಗೆ ಬಿದ್ದಿತ್ತು. ಬರುತ್ತಾರೋ ಇಲ್ಲವೋ ಎಂದು ನಾವು ಬಾಗಿಲಲ್ಲೇ ನಿಂತಿದ್ದೆವು. ಬಂದರು. ದಿಂಬು ಕಂಕುಳಲ್ಲಿ ಇಟ್ಟುಕೊಂಡು ದೊಡ್ಡ ಆಫೀಸಿನವರು, ರಾತ್ರಿ ಪಾಳಿ ಮುಗಿಸಿದ ನರ್ಸುಗಳು, ಊಟ ತಲುಪಿಸುವ ಕೆಂಪು ಟೀಶರ್ಟಿನವರು, ಹಲಸೂರಿನ ಹೂ ಮಾರುವ ತಮಿಳು ಅಜ್ಜಿಯರು. ಮೊದಮೊದಲು ಎಲ್ಲರಿಗೂ ಸಂಕೋಚ. ಗುರುತಿಲ್ಲದವರ ಪಕ್ಕ ಮಲಗುವುದೆಂದರೆ ಹೇಗೆ? ಮೊಬೈಲು ನೋಡುತ್ತಿದ್ದರು, ಕಿಸಕ್ಕನೆ ನಗುತ್ತಿದ್ದರು. ಶರಣಮ್ಮ ಹುಲಿಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಎದುರಿಗೆ ಯಾರೂ ಇಲ್ಲವೇನೋ ಎಂಬಂತೆ ಹಾಡಲು ತೊಡಗಿದಳು.

ನಗು ನಿಂತಿತು. ಒಬ್ಬರ ಕೈಯಿಂದ ಮೊಬೈಲು ಮೆಲ್ಲಗೆ ಜಾರಿ ಚಾಪೆಯ ಮೇಲೆ ಬಿತ್ತು. ಹೂವಿನ ಅಜ್ಜಿಯೊಬ್ಬರು ತಮಿಳಿನಲ್ಲಿ ಮುಂದುವರಿಸಿದರು. ಆಮೇಲೆ ಅನೀಸ್ ತನ್ನ ನಾನಿ, ಅದೇ ಅಜ್ಜಿ, ಹಾಡುತ್ತಿದ್ದ ದಖನಿ ಜೋಗುಳ ಹಾಡಿದಳು, ಅದರಲ್ಲಿ ಚಂದಮಾಮನಿಗೆ ಚಹಾ ಕುಡಿಸುತ್ತಾರೆ. ನಾನೂ ಹಾಡಿದೆ. ಹಜಾರದ ತುಂಬ ಉಸಿರು ಕೆರೆಯ ನೀರಿನಂತೆ ಏಳುತ್ತಿತ್ತು, ಇಳಿಯುತ್ತಿತ್ತು. ದೂರದಲ್ಲಿ ಮೆಟ್ರೋ ಹೋದದ್ದು ಗಾಳಿ ಹೊರಳಿದ ಹಾಗೆ ಕೇಳಿಸಿತು. ಬೆಕ್ಕೊಂದು ಮಲಗಿದವರ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆದು, ಕೊನೆಗೆ ಒಬ್ಬ ದಪ್ಪನೆಯ ಮ್ಯಾನೇಜರ್ ಹೊಟ್ಟೆಯ ಹತ್ತಿರ ಸುರುಳಿ ಸುತ್ತಿಕೊಂಡಿತು. ಬೆಂಗಳೂರಿಗೆ ಬಂದಾಗಿನಿಂದ ಇಷ್ಟು ಜನರ ಮುಖ ಒಟ್ಟಿಗೆ ಸಡಿಲವಾದದ್ದನ್ನು ನಾನು ನೋಡಿರಲಿಲ್ಲ.

ಆಗ, ಯಾರೂ ಕರೆಯದೆಯೇ, ನಿನ್ನ ದೊಡ್ಡಮ್ಮ ಬಾಗಿಲ ಬಳಿಯ ಸ್ಟೂಲಿನಿಂದ ಎದ್ದು ಬಂದು ನಡುವೆ ಕೂತರು. ಅವರ ಗಂಟಲಲ್ಲಿ ಹಾಡು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಕೆರೆ ಮಲಗೈತೆ, ಏರಿ ಮಲಗೈತೆ
ನಮ್ಮ ಭವ್ಯಮ್ಮ ಮಲಗವ್ಳೆ

ಹೆಸರು ಬಾಯಿಗೆ ಬಂದೊಡನೆ ಹಾಡು ನಿಂತುಹೋಯಿತು. ಅಭ್ಯಾಸ ಹಂಸಾ, ಬೇರೆ ಹೆಸರು ಹಾಕಿ ಹಾಡಿ ಅವರಿಗೆ ರೂಢಿಯಿಲ್ಲ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತುಬಿಟ್ಟರು. ಅನೀಸ್ ಅವರ ಕೈ ಹಿಡಿದು, ಹಾಡಿನ ಮಾತು ಬಾರದಿದ್ದರೂ ಅದೇ ಧಾಟಿಯನ್ನು ಮೂಗಿನಲ್ಲಿ ಗುನುಗಿದಳು. ಸ್ವಲ್ಪ ಹೊತ್ತಾದ ಮೇಲೆ ಮುದುಕಿ ಮತ್ತೆ ದನಿ ತೆಗೆದರು. ಈ ಸಲ ಹುಲಿಗಿಯ ಹೆಸರು ಹಾಕಿದರು. ಆಮೇಲೆ ಅನೀಸ್ ಹೆಸರು, ನನ್ನ ಹೆಸರು. ಟಿಕೆಟ್ ಡಬ್ಬಿಯ ಮೇಲೆ ತಲೆಯಿಟ್ಟು ಮಲಗಿದ್ದ ರಶ್ಮಿಯ ಹೆಸರನ್ನೂ ಬಿಡಲಿಲ್ಲ.

ಬಿಸಿಲು ಇಳಿಯುವಾಗ ಒಬ್ಬೊಬ್ಬರೇ ಎದ್ದರು. ಕೆನ್ನೆಯ ಮೇಲೆ ಚಾಪೆಯ ಗೆರೆ. ಎಲ್ಲಿದ್ದೇವೆ ಎಂದು ಮಕ್ಕಳ ಹಾಗೆ ಪಿಳಿಪಿಳಿ ನೋಡಿದರು. ಒಂದು ಹುಡುಗಿ ಯಾಕೋ ನನ್ನನ್ನು ತಬ್ಬಿಕೊಂಡು ಹೊರಟುಹೋದಳು. ಹೋಗುವಾಗ ಎಲ್ಲರೂ ಡಬ್ಬಿಗೆ ಇನ್ನಷ್ಟು ಹಾಕಿದರು. ಆದರೂ ಈ ಊರಿನಲ್ಲಿ ಒಂದು ಮನೆಯ ಅಡ್ವಾನ್ಸಿಗೆ ಅದು ಯಾವ ಮೂಲೆಗೂ ಸಾಲದು. ನಾವು ನೆಲ ಗುಡಿಸುತ್ತಿದ್ದೆವು.

ರಾಮಲಕ್ಷ್ಮಮ್ಮನವರು ಮೆಟ್ಟಿಲ ಮೇಲೆ ಕೂತಿದ್ದರು. “ಇಷ್ಟು ಜನ ಮಲಗೆದ್ರೂ ಮನೆ ಸವೀಲಿಲ್ಲ ನೋಡು” ಅಂದರು. “ಮೇಲಿನ ಮನೆಗೆ ಬೀಗ ಇಕ್ಕೊಂಡು ನಾನು ಯಾರಿಗೆ ಕಾಯ್ತಾ ಇವ್ನಿ?”

ನೀನೂ ಭವ್ಯಳೂ ಇದ್ದ ಮನೆ. ಕೈಯಲ್ಲಿದ್ದ ಪೊರಕೆ ನಿಂತಿತು.

“ಸುಮ್ನೆ ಕೊಡ್ತೀನಿ, ಬಾಡಿಗೆ ಬ್ಯಾಡ. ಆದ್ರೆ ಅದು ಹಂಸಂದು. ಅವಳು ಹೂಂ ಅಂದ್ರೇನೇ. ನೀನು ಕೇಳಮ್ಮ ಪ್ರೇಮಾ, ನೀನು ಅವಳ ಗೆಣೆಕಾತಿ.”

“ನಂಗ ಕೇಳ್ಲಿಕ್ಕೆ ಆಗೂದಿಲ್ರೀ ಅಮ್ಮಾ” ಅಂದೆ.

“ಯಾಕೆ? ನಿಮ್ಮಿಬ್ರಿಗೂ ಏನಾಗೈತೆ?”

ನಾನು ಮತ್ತೆ ಪೊರಕೆ ಆಡಿಸತೊಡಗಿದೆ. ಅವರೇ ಫೋನ್ ಮಾಡಿದರು. ಎಲ್ಲ ಹೇಳಿ ಮುಗಿಸಿದ ಮೇಲೆ, ಲೈನು ಹೋಯಿತೆಂದು ಇಡಲು ಹೊರಟರಂತೆ. ಆಗ ಬಂತಂತೆ ನಿನ್ನ ‘ಹೂಂ’.

ಬೀಗ ತೆಗೆದ ದಿನ ಮೊದಲು ಅವರೊಬ್ಬರೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನೂ ಅನೀಸೂ ಮೆಟ್ಟಿಲಲ್ಲಿ ಕಾದೆವು. ಹೊರಗೆ ಬಂದವರೇ, “ಕಿಟಕಿಯೆಲ್ಲ ತೆಗೀರಿ, ಗಾಳಿ ಬರ್ಲಿ” ಅಂದರು. ಭವ್ಯಳ ಬಟ್ಟೆ, ಆಟದ ಸಾಮಾನು, ನಿನ್ನ ಸೀರೆ, ಎಲ್ಲವನ್ನೂ ತಾವೇ ಟ್ರಂಕಿನಲ್ಲಿಟ್ಟು ತಮ್ಮ ಕೋಣೆಗೆ ಸಾಗಿಸಿದ್ದಾರೆ. ನಾವು ಯಾರೂ ಮುಟ್ಟಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಮರಿ ಹಾರುವವರೆಗೆ ಆ ಕಿಟಕಿಗೆ ಬಣ್ಣ ಹೊಡೆಯಲು ಅನೀಸ್ ಬಿಡಲಿಲ್ಲ. ಮಂಚವನ್ನು ಏನು ಮಾಡುವುದೆಂದು ನಾನು ಹಿಂದೆಮುಂದೆ ನೋಡಿದಾಗ ದೊಡ್ಡಮ್ಮ, “ಇರ್ಲಿ ಬಿಡು. ಮಂಚ ಯಾರಿಗೆ ಏನು ಮಾಡ್ತು?” ಅಂದರು.

ಫೆಬ್ರವರಿಯ ಕೊನೆಯ ವಾರ ನಾಲ್ಕು ಕುಟುಂಬಗಳೂ ಅಲ್ಲಿಗೆ ಬಂದವು. ಆ ಮಂಚದಲ್ಲಿ ಈಗ ಹುಲಿಗಿ ಮಲಗುತ್ತಾಳೆ. ನನಗೆ ಹೆದರಿಕೆಯಿತ್ತು, ಅಲ್ಲಿ ಭವ್ಯಳೇ ಕಂಡುಬಿಟ್ಟರೆ ಎಂದು. ಹಾಗಾಗಲಿಲ್ಲ. ಬಾಯಿ ತೆರೆದು, ಒಂದು ಕಾಲು ಗೋಡೆಗೆ ಹಚ್ಚಿ ಮಲಗಿದ್ದವಳು ಹುಲಿಗಿಯೇ. ಹೊರಗೆ ಹೊಂಗೆ ಚಿಗುರಿದೆ, ಅದರ ಹಸಿರು ಬೆಳಕು ಅವಳ ಮುಖದ ಮೇಲೆ ಅಲುಗುತ್ತಿತ್ತು. ಡಾಕ್ಟರು ಅವಳ ಬಗ್ಗೆ ಇನ್ನೂ ಏನನ್ನೂ ಖಚಿತವಾಗಿ ಹೇಳುತ್ತಿಲ್ಲ. ಆದರೆ ನಿದ್ದೆ ಚೆನ್ನಾಗಿ ಮಾಡುತ್ತಿದ್ದಾಳೆ. ಮನೆಯ ಖರ್ಚಿಗೆಂದು ತಿಂಗಳಿಗೊಂದು ಭಾನುವಾರ ಕೆಳಗಿನ ಹಜಾರದಲ್ಲಿ ಜೋಗುಳ ಇಟ್ಟುಕೊಂಡಿದ್ದೇವೆ. ದೊಡ್ಡಮ್ಮ ಈಗ ಮಧ್ಯಾಹ್ನವೇ ಜಡೆ ಹೆಣೆದುಕೊಂಡು, ಕಲಾವಿದೆಯ ಹಾಗೆ ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಳ್ಳುತ್ತಾರೆ.

ಬಾ ಎಂದು ನಿನ್ನನ್ನು ಕರೆಯುತ್ತಿಲ್ಲ. ಬರಬೇಕು ಅನ್ನಿಸಿದ ದಿನ ಬಾ, ಅನ್ನಿಸದಿದ್ದರೂ ಸರಿಯೇ. ಆ ಮನೆಯಲ್ಲಿ ಮಲಗಿ ಏಳುವ ಪ್ರತಿ ತಾಯಿಯೂ, ನಿನ್ನ ಹೆಸರು ತಿಳಿಯದಿದ್ದರೂ, ನಿನಗೆ ಒಳ್ಳೆಯದನ್ನೇ ಬಯಸುತ್ತಾಳೆ. ನನ್ನದೂ ಅದೇ ಹಾರೈಕೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ತುಂಬ ನಿದ್ದೆ ಮಾಡು.

ನಿನ್ನ
ಪ್ರೇಮಕ್ಕ

ಮರೆತ ಮಾತು: ಮರೆತದ್ದಲ್ಲ ಹಂಸಾ, ಬರೆಯಲು ಧೈರ್ಯ ಬಂದಿರಲಿಲ್ಲ. ಇಷ್ಟು ವರ್ಷಗಳಲ್ಲಿ ನಿನಗೆ ಕಳಿಸಿದ ಯಾವ ಮೆಸೇಜಿನಲ್ಲೂ ನಾನು ಚನ್ನುವಿನ ಹೆಸರು ಬರೆದಿಲ್ಲ, ನೀನೂ ಕೇಳಲಿಲ್ಲ. ಅಕ್ಕಪಕ್ಕದ ಹಾಸಿಗೆ, ಅದೇ ಕಾಯಿಲೆ, ಅದೇ ಔಷಧಿಯ ಬಾಟಲಿ. ನಿನ್ನ ಮಗಳು ಹೋದಳು, ನನ್ನ ಮಗ ಉಳಿದ. ಅವನ ರಿಪೋರ್ಟು ಚೆನ್ನಾಗಿ ಬಂದಾಗಲೆಲ್ಲ ನಿನ್ನಿಂದ ಏನನ್ನೋ ಕಸಿದುಕೊಂಡವಳ ಹಾಗೆ ಮೊಬೈಲನ್ನು ಮಗುಚಿ ಇಟ್ಟಿದ್ದೇನೆ. ಹೋದ ವರ್ಷ ಡಾಕ್ಟರು, ಇನ್ನು ಇವನನ್ನು ಕರೆದುಕೊಂಡು ಬರಬೇಕಾಗಿಲ್ಲ ಅಂದರು. ಹೊರಗೆ ಬಂದು ಅದೇ ಬೇವಿನ ಮರದ ಕೆಳಗೆ ನಿಂತೆ. ಆ ಸುದ್ದಿಯನ್ನು ಮೊದಲು ಹೇಳಬೇಕೆನಿಸಿದ್ದು ನಿನಗೆ. ಹೇಳಲಾಗದವಳೂ ನೀನೊಬ್ಬಳೇ. ಇವತ್ತು ಹೇಳುತ್ತಿದ್ದೇನೆ. ಚನ್ನು ಚೆನ್ನಾಗಿದ್ದಾನೆ. ಅವನಿಗೆ ಮೀಸೆ ಚಿಗುರುತ್ತಿದೆ, ಹಂಸಾ.