ನಿಮ್ಮ ಎಡ, ನಮ್ಮ ಬಲ

ಭಾನುವಾರ, ಮಧ್ಯಾಹ್ನ
ತಾರಾಲಯದ ಟಿಕೆಟ್ ಕೋಣೆಯಿಂದ

ದೊಡ್ಡ ಗುಮ್ಮಟದ ದೊರೆಗಳಿಗೆ, ಸಣ್ಣ ಗುಮ್ಮಟದವಳ ನಮಸ್ಕಾರ.

ಹೆಂಡತಿಯ ಕೈಬರಹ ಮರೆತಿರಲಾರಿರಿ ಎಂದುಕೊಂಡಿದ್ದೇನೆ. ನಾಲ್ಕು ವರ್ಷದಿಂದ ನಮ್ಮಿಬ್ಬರ ಮಾತು ಹೊತ್ತು ಓಡಾಡಿದ ಮಗಳು ನಿನ್ನೆ ಫೋನಿನಲ್ಲೇ ರಾಜೀನಾಮೆ ಕೊಟ್ಟಳು. "ನನ್ ಕೈಲಿನ್ನಾಗಲ್ಲಮ್ಮ, ಅಪ್ಪಂಗೆ ಹೇಳೋದನ್ನ ನೀನೇ ಹೇಳ್ಕೋ" ಅಂದಳು. ಫೋನ್ ಮಾಡಿದರೆ ಮೂರನೇ ಮಾತಿಗೇ ನಮ್ಮ ಜಗಳ ಶುರು. ಕಾಗದದಲ್ಲಾದರೆ ನೀವು ಮಧ್ಯೆ ಬಾಯಿ ಹಾಕುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸುದ್ದಿ. ಗೆದ್ದೆವು. ನಮ್ಮ ತಾರಾಲಯವನ್ನು ಮುಚ್ಚಿ ಸ್ಕೇಟಿಂಗ್ ಅಂಗಳ ಮಾಡುವ ಪ್ರಸ್ತಾಪ ನಿನ್ನೆ ಬೆಳಿಗ್ಗೆ ಪುರಸಭೆಯಲ್ಲಿ ಬಿದ್ದುಹೋಯಿತು. ಅದನ್ನು ತಂದಿದ್ದ ಅಧ್ಯಕ್ಷೆಯೇ ಮೊದಲು ಕೈ ಎತ್ತಿ ಬೇಡ ಅಂದರು. ತಿಂಗಳ ಹಿಂದೆ ಇದೇ ಮಹಾತಾಯಿ ನನ್ನ ಮುಂದೆ ಕೂತು, "ರಜೆಗೆ ಹೋದೋರೆಲ್ಲ ದೊಡ್ಡೂರಿನ ತಾರಾಲಯ ನೋಡ್ಕೊಂಡೇ ಬರ್ತಾರಲ್ಲಮ್ಮ, ಆಕಾಶ ಎಲ್ಲೆಲ್ಲೂ ಒಂದೇ ತಾನೆ, ಇಲ್ಯಾಕೆ ಇನ್ನೊಂದು" ಅಂತ ಮೂಗು ಮುರಿದಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಆ ದಿನ ನಾನು ಖಾಲಿ ಗುಮ್ಮಟದೊಳಗೆ ಹೋಗಿ, ನಕ್ಷತ್ರ ಮೂಡಿಸುವ ನಮ್ಮ ಹಳೇ ಯಂತ್ರದ ಧೂಳು ಒರೆಸುತ್ತಾ ಅತ್ತೆ. ಇದನ್ನು ಮಗಳಿಗೆ ಹೇಳಿರಲಿಲ್ಲ, ಹಾಗಾಗಿ ನಿಮಗೂ ಗೊತ್ತಿಲ್ಲ.

ನಮ್ಮ ಜಗಳ ಕುರ್ಚಿಯದು ಅಂದರೆ ಜನ ಅಧಿಕಾರದ ಕುರ್ಚಿ ಅಂದುಕೊಳ್ಳುತ್ತಾರೆ. ಪಾಪ, ಅವರಿಗೇನು ಗೊತ್ತು. ನಿಮ್ಮ ಗುಮ್ಮಟದಲ್ಲಿ ಪ್ರೇಕ್ಷಕರ ಕುರ್ಚಿಗಳೆಲ್ಲ ಉತ್ತರಕ್ಕೆ ಮುಖ, ಏಕೆಂದರೆ ನೀವು ಧ್ರುವ ನಕ್ಷತ್ರದ ಭಕ್ತರು. ನಮ್ಮವು ದಕ್ಷಿಣಕ್ಕೆ. ನಾನು ನಿಮ್ಮ ಕಚೇರಿ ಬಿಟ್ಟು ಇಲ್ಲಿಗೆ ಬಂದ ಮೊದಲ ತಿಂಗಳೇ, ಎಲ್ಲ ಊರಿನ ತಾರಾಲಯಗಳಿಗೂ ಇದೊಂದೇ ಸಾಕು ಅಂತ ನಿಮ್ಮ ಗಂಭೀರ ದನಿಯ ರೆಕಾರ್ಡಿಂಗ್ ಕಳಿಸಿದಿರಿ. ನಮ್ಮ ಯಂತ್ರ ಸೂರ್ಯನನ್ನು ಬಲಗಡೆ ಮುಳುಗಿಸುತ್ತಿತ್ತು. ನಿಮ್ಮ ದನಿ, ಈಗ ಎಡಕ್ಕೆ ತಿರುಗಿ ಸೂರ್ಯಾಸ್ತ ನೋಡಿ ಅಂದಿತು. ಇಡೀ ಶಾಲೆಯ ಮಕ್ಕಳು ಎಡಕ್ಕೆ ತಿರುಗಿ ಕಪ್ಪು ಗೋಡೆಯನ್ನು ಭಕ್ತಿಯಿಂದ ನೋಡಿದರು. ಮೊದಲು ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ.

ಅದನ್ನು ಹೇಳಲು ಫೋನ್ ಮಾಡಿದರೆ ನೀವು ತಪ್ಪು ನಮ್ಮ ಕುರ್ಚಿಗಳದ್ದು ಅಂದಿರಿ. ಕುಣಿಯಲಾರದವರು ನೆಲ ಡೊಂಕು ಅಂದರಂತೆ. ನಾನೂ ಸುಮ್ಮನಿರಲಿಲ್ಲ. ಜಗತ್ತು ನಿಮ್ಮ ಮುಖ ಇರುವ ಕಡೆಗೇ ಕೂತಿಲ್ಲ ಅಂದೆ. ಮಾತಿಗೆ ಮಾತು ಬೆಳೆದು ಮಾತೇ ನಿಂತುಹೋಯಿತು. ಆರು ತಿಂಗಳಿಗೆಂದು ಬಂದವಳು ಇಲ್ಲೇ ಉಳಿದೆ. ಆ ರೆಕಾರ್ಡಿಂಗನ್ನು ಗುಜರಿಗೆ ಹಾಕಿದೆ ಅಂತ ಮಗಳ ಕೈಲಿ ಹೇಳಿಕಳಿಸಿದ್ದು ನಿಮಗೆ ನೆನಪಿರಬಹುದು.

ಮೊನ್ನೆಯ ಕೆಲಸ ಕೂಡಿ ಮಾಡೋಣ ಅಂತ ಹೇಳಿದವಳೂ ಅವಳೇ. ಹಗಲಲ್ಲೇ ಚಂದ್ರ ಶುಕ್ರನನ್ನು ಮರೆಮಾಡುವ ದಿನ, ನಮ್ಮಲ್ಲಿ ಮೊದಲು, ಸ್ವಲ್ಪ ಹೊತ್ತಿಗೆ ನಿಮ್ಮಲ್ಲಿ. ಮೊದಲು ಕಂಡವರು ಮುಂದಿನವರಿಗೆ ಹೇಳಬೇಕು, ಜನ ಎರಡೂ ಕಡೆ ಒಟ್ಟಿಗೆ ಕೇಳಬೇಕು. ನೀವು ಒಪ್ಪಿದಿರಿ ಅಂದಾಗ ನನಗೆ ನಂಬಿಕೆ ಬರಲಿಲ್ಲ. ಪುರಸಭೆಯ ತೀರ್ಮಾನಕ್ಕೆ ಮುಂಚೆ ನನಗಿದ್ದದ್ದು ಅದೊಂದೇ ಅವಕಾಶ. ಅಧ್ಯಕ್ಷೆಯ ಮನೆ ಬಾಗಿಲಿಗೇ ಹೋಗಿ ಕರೆದುಬಂದೆ.

ಮಧ್ಯಾಹ್ನ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಿಳಿ ನೀಲಿ ಆಕಾಶ, ತೆಳ್ಳನೆ ಚಂದ್ರ, ಅದರ ಪಕ್ಕ ಅಕ್ಕಿ ನುಚ್ಚಿನಷ್ಟು ಶುಕ್ರ. ಆಗ ನಿಮ್ಮ ಗುಮ್ಮಟದಿಂದ ಮಗಳ ಫೋನ್. "ಅಮ್ಮ, ಇಲ್ಲಿ ಪೂರ್ತಿ ಮೋಡ. ಜನಾನೆಲ್ಲ ಒಳಗೆ ಕೂರ್ಸಿದೀವಿ. ನೀವು ಕಳಿಸ್ತಿರೋ ಚಿತ್ರಾನೂ ನಿಂತುಹೋಗಿದೆ. ಅಪ್ಪ ಮಾತೇ ಆಡ್ತಿಲ್ಲ." ನೀವು ಮಾತಾಡದೆ ನಿಂತರೆ ಹೇಗಿರುತ್ತೀರಿ ಅಂತ ನನಗೆ ಗೊತ್ತು, ಬಲಗೈಯಿಂದ ಎಡಗೈ ಹಿಡಿದುಕೊಂಡು. ನನ್ನನ್ನ ನಿಮ್ಮ ಸ್ಪೀಕರಿಗೆ ಹಾಕು ಅಂದೆ ಅವಳಿಗೆ. ಅಂಗಳದ ಜನರನ್ನು ನಮ್ಮ ಯಂತ್ರದವನಿಗೆ ಒಪ್ಪಿಸಿ, ಅಂಗಳದ ಹಿಂಬದಿಯ ಟೆಲಿಸ್ಕೋಪಿಗೆ ಕಣ್ಣಿಟ್ಟೆ.

ಎಲ್ಲರೂ ನಿಮ್ಮ ಎಡಕ್ಕೆ ತಿರುಗಿ, ಅಲ್ಲಿ ಸೂರ್ಯ ಅಂದೆ. ಅಲ್ಲಿಂದ ತಲೆ ಮೇಲೆತ್ತುತ್ತಾ ಬನ್ನಿ, ನೆತ್ತಿಯ ಹತ್ತಿರ ಚಂದ್ರ ಅಂದೆ. ನಾನು ಹೇಳಿದಂತೆ ನಿಮ್ಮ ಯಂತ್ರ ನಡೆಸುವ ಹುಡುಗಿಯರು ಗುಮ್ಮಟದ ಮೇಲೆ ಚಂದ್ರನನ್ನೂ ಶುಕ್ರನನ್ನೂ ತಂದರಂತೆ. ನಾನು ಕಂಡದ್ದನ್ನೇ ಹೇಳುತ್ತಾ ಹೋದೆ. ಚಂದ್ರನ ಕತ್ತಲ ಅಂಚು ಹಗಲಲ್ಲಿ ಕಾಣುವುದಿಲ್ಲ. ಶುಕ್ರ ಬರೀ ನೀಲಿಯಲ್ಲಿ ಒಂದು ಪಕ್ಕದಿಂದ ಸವೆಯತೊಡಗಿದ. ಅರ್ಧವಾದ. ಚುಕ್ಕೆಯಾದ. ಆಮೇಲೆ ನನ್ನ ಬಾಯಿಂದ ಬಂದದ್ದನ್ನು ಈಗ ಎರಡೂ ಊರು ಬಲ್ಲವು. "ರೀ, ಹೋದ ರೀ, ಶುಕ್ರ ಹೋದ" ಅಂದುಬಿಟ್ಟೆ. ಕಚೇರಿ ಕೆಲಸದಲ್ಲಿ ಒಂದು ದಿನವೂ ನಿಮ್ಮನ್ನು ಸರ್ ಅಂತಲ್ಲದೆ ಬೇರೆ ಕರೆದವಳಲ್ಲ ನಾನು. ನಿಮ್ಮ ಗುಮ್ಮಟ ಚಪ್ಪಾಳೆಗೆ ಬಿರಿಯುವಂತಾಯಿತು, ಅಪ್ಪನ ಕಿವಿ ಕೆಂಪಾಯಿತು ಅಂದಳು ಮಗಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ತುಂಬಾ ಖುಷಿಯಾಯಿತು.

ಗಂಟೆ ಕಳೆದು, ಇನ್ನೇನು ಶುಕ್ರ ಚಂದ್ರನ ಹಿಂದಿನಿಂದ ಹೊರಬರಬೇಕು, ಅಷ್ಟರಲ್ಲಿ ಮೋಡ ನಮ್ಮ ಕಡೆ ಬಂದು ಕೈ ಕೊಟ್ಟಿತು. ಜನರನ್ನೆಲ್ಲ ಗುಮ್ಮಟದೊಳಗೆ ಕೂರಿಸಿದೆ. ಅಧ್ಯಕ್ಷೆ ಮುಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಆಗ ನಮ್ಮ ಸ್ಪೀಕರಿನಲ್ಲಿ ನಿಮ್ಮ ದನಿ, ಇಲ್ಲಿ ಮೋಡ ಸರಿದಿದೆ ಅಂತ. "ಈಗ ನಿಮ್ಮ ಎಡಕ್ಕೆ..." ಅಂದಿರಿ. "ಅಲ್ಲ, ಅಲ್ಲ. ನಿಮ್ಮ ಬಲಕ್ಕೆ ನೋಡಿ" ಅಂದಿರಿ.

ಮದುವೆಯಾದಾಗಿನಿಂದ ನೀವು ನಿಮ್ಮನ್ನೇ ತಿದ್ದಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಡೀ ಗುಮ್ಮಟ ಬಲಕ್ಕೆ ತಿರುಗಿತು. ಸೂರ್ಯ ಅಲ್ಲೇ ಇದ್ದ. ಚಂದ್ರನ ಬೆಳಗಿದ ಅಂಚಿನಿಂದ ಒಂದು ಹನಿ ಬೆಳಕು ಇಣುಕಿತು ಅಂತ ನೀವು ಹೇಳುವಾಗ ನಿಮ್ಮ ದನಿಯ ಗಾಂಭೀರ್ಯವೆಲ್ಲ ಎಲ್ಲಿ ಹೋಗಿತ್ತೋ. ಮಕ್ಕಳು ಕುರ್ಚಿಯ ಮೇಲೆ ಹತ್ತಿ ಕೂಗಿದರು. ಅಧ್ಯಕ್ಷೆಯೂ ಕೂಗಿದರು, ನಾನೇ ನೋಡಿದೆ. ನಿನ್ನೆ ಸಭೆಯಲ್ಲಿ ಅವರು ಹೇಳಿದ್ದಿಷ್ಟೇ. "ಆಕಾಶ ಒಂದೇ ಇರಬಹುದು, ಮೋಡ ಒಂದೊಂದೂರಿಗೆ ಒಂದೊಂದ್ ಥರ. ಎರಡೂ ಇರ್ಲಿ ಬಿಡ್ರಿ."

ಇನ್ನೂ ಮೂರು ಊರಿನ ತಾರಾಲಯದವರು ನಾವೂ ಸೇರುತ್ತೇವೆ ಅಂತ ಕೇಳಿದ್ದಾರೆ. ಸೇರಿಸಿಕೊಳ್ಳೋಣ, ಆದರೆ ನನ್ನ ಷರತ್ತು ಕೇಳಿ. ಎಲ್ಲರಿಗೂ ಒಂದೇ ರೆಕಾರ್ಡಿಂಗ್ ಹಂಚುವುದು ಬೇಡ. ಅವರವರ ಜನಕ್ಕೆ ಅವರವರದೇ ದನಿ ಇರಲಿ. ಇನ್ನೊಬ್ಬರ ಗುಮ್ಮಟಕ್ಕೆ ಮಾತಾಡುವವರು, ನಿಮ್ಮ ಕುರ್ಚಿ ಎತ್ತ ಅಂತ ಮೊದಲು ಕೇಳಬೇಕು. ಇದಕ್ಕೆ ನೀವು ಇಲ್ಲ ಅನ್ನಲಾರಿರಿ, ಮೊನ್ನೆ ನೀವೇ ಸಾಕ್ಷಿ ಒದಗಿಸಿದ್ದೀರಿ.

ಎಡಬಲದಲ್ಲಿ ನಾನು ಒಮ್ಮೆಯೂ ತಪ್ಪಲಿಲ್ಲ, ಅದು ಹೇಗೆ ಅಂತ ಮಗಳ ಹತ್ತಿರ ಕೇಳಿದಿರಂತೆ. ಅಭ್ಯಾಸ ಅಂದುಕೊಳ್ಳಿ. ಮೂರು ಗಂಟೆಯ ಪ್ರದರ್ಶನಕ್ಕೆ ಜನ ಬರುತ್ತಿದ್ದಾರೆ, ಕಿಟಕಿ ತಟ್ಟುತ್ತಿದ್ದಾರೆ. ನಿಲ್ಲಿಸುತ್ತೇನೆ.

ಇಂತಿ,
ಮೈಕಿನಲ್ಲಿ ನಿಮ್ಮನ್ನು "ರೀ" ಅಂದವಳು

ತಾ.ಕ.: ಆ ರೆಕಾರ್ಡಿಂಗನ್ನು ಗುಜರಿಗೆ ಹಾಕಲಿಲ್ಲ. ನಾವು ಮಾತು ಬಿಟ್ಟ ವಾರವೇ ಕೊನೆಯ ಸಾಲಿನ ಒಂದು ಕುರ್ಚಿಯ ಬೋಲ್ಟು ಬಿಚ್ಚಿ ಉತ್ತರಕ್ಕೆ ತಿರುಗಿಸಿದೆ. ಪ್ರದರ್ಶನ ಮುಗಿದು ಎಲ್ಲರೂ ಹೋದ ಮೇಲೆ ಅದರಲ್ಲಿ ಕೂತು ನಿಮ್ಮ ದನಿ ಹಾಕಿಕೊಂಡು, ನೀವು ಎಡಕ್ಕೆ ಅಂದಾಗ ಎಡಕ್ಕೆ ತಿರುಗಿದ್ದೇನೆ, ಇಷ್ಟು ವರ್ಷವೂ. ಇವತ್ತು ಬೆಳಿಗ್ಗೆ ಅದರ ಪಕ್ಕದ ಕುರ್ಚಿಯನ್ನೂ ತಿರುಗಿಸಿದೆ. ಸ್ಪ್ಯಾನರ್ ಇನ್ನೂ ನನ್ನ ಕೈಚೀಲದಲ್ಲೇ ಇದೆ.