ರೆಕ್ಕೆ ಜೋಡಿಸುವ ಮುನ್ನ ಒಂದು ಸಹಿ

ಭಾನುವಾರ, ಮಧ್ಯಾಹ್ನ

ಮಿಲಿಮೀಟರ್ ಮಹಾಶಯರಿಗೆ,

ನಮಸ್ಕಾರ. ಕ್ಷೇಮವೇ ಎಂದು ಕೇಳುವುದಿಲ್ಲ. ನಿಮ್ಮ ಅಕ್ಕ ಆಗಾಗ ಫೋನ್ ಮಾಡಿ ನಿಮ್ಮ ನೆಗಡಿಯ ಸಮಾಚಾರವನ್ನೂ ಬಿಡದೆ ಒಪ್ಪಿಸುತ್ತಾರೆ. ನಾನು ಚೆನ್ನಾಗಿದ್ದೇನೆ. ನಮ್ಮ ವಿಮಾನವೂ ಚೆನ್ನಾಗಿದೆ. ಹೌದು, ನಮ್ಮದೇ. ನೀವು ಮನೆ ಬಿಟ್ಟು ಅಕ್ಕನ ಮನೆ ಸೇರಿ ಎರಡು ವರ್ಷವಾದರೂ, ವಿಮೆ ಕಂಪನಿಯ ಪ್ರಕಾರ ಹಿತ್ತಿಲ ಶೆಡ್ಡಿನಲ್ಲಿ ಅದನ್ನು ಕಟ್ಟುತ್ತಿರುವವರು ಇವತ್ತಿಗೂ ನೀವೇ. ಈ ಪತ್ರ ಅದರ ಬಗ್ಗೆ.

ಹೋದ ವರ್ಷ ಪಾಲಿಸಿ ನವೀಕರಿಸುವಾಗ ಕಂಪನಿಯ ಸರ್ವೇಯರ್ ಹುಡುಗಿಯೊಬ್ಬಳು ಟಾರ್ಚ್ ಹಿಡಿದು ಬಂದಿದ್ದಳು. ಯಜಮಾನರು ಎಲ್ಲಿ ಎಂದು ಕೇಳಿದಳು. ಸ್ಕ್ರೂ ತರೋಕೆ ಅಂಗಡಿಗೆ ಹೋಗಿದ್ದಾರೆ ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದೇ. ಹೋದ ತಿಂಗಳು ಮತ್ತೆ ಅವಳೇ ಬಂದಳು. ಒಳಗೆ ಕಾಲಿಡುವ ಮೊದಲೇ, "ಮೇಡಂ, ಸಾರ್‌ಗೆ ಸ್ಕ್ರೂ ಸಿಕ್ತಾ?" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ಒಳ್ಳೆಯವಳು, ಆದರೆ ನಿಯಮ ಅವಳ ಕೈಯಲ್ಲಿಲ್ಲ. ಕಟ್ಟುತ್ತಿರುವ ವಿಮಾನಕ್ಕೆ ಬೆಂಕಿ ಬಿದ್ದರೆ, ಕಳ್ಳತನವಾದರೆ, ಏನಾದರೂ ಮೇಲೆ ಬಿದ್ದು ಜಖಂ ಆದರೆ ಅವರು ಹಣ ಕೊಡುತ್ತಾರೆ. ಆದರೆ ಪಾಲಿಸಿಯಲ್ಲಿ ಹೆಸರಿರುವವರೇ ಅದನ್ನು ಕಟ್ಟುತ್ತಿರಬೇಕು. ಅವಳು ಬರುವ ವಾರದ ಮೊದಲು ಬಣ್ಣದ ಡಬ್ಬಿಗಳ ಶೆಲ್ಫ್ ಗೋಡೆಯಿಂದ ಕಿತ್ತು ಬಂದು ವಿಮಾನದ ಬಾಲದ ಮೇಲೆ ಬಿತ್ತು. ಆ ಶೆಲ್ಫ್ ಹೊಡೆದವರು ನೀವು. ಅಳತೆಗೆ ಕೂದಲೆಳೆಯಷ್ಟೂ ಸೊಟ್ಟ ಇರಲಿಲ್ಲ, ಮೊಳೆ ಮಾತ್ರ ಗಿಡ್ಡ. "ಕಟ್ಟೋರು ಊರಲ್ಲೇ ಇಲ್ಲ ಅಂದ್ಮೇಲೆ ಹೇಗೆ ಕೊಡೋದು ಮೇಡಂ?" ಎಂದಳು. ನಾನು ವಾದ ಮಾಡಲಿಲ್ಲ. ನಜ್ಜುಗುಜ್ಜಾದ ತಗಡನ್ನು ಬಿಚ್ಚಿ ಬಿಸಾಕಿ, ಹೊಸದನ್ನು ಕತ್ತರಿಸಿ, ಬಗ್ಗಿಸಿ, ನಾನೇ ಕೂರಿಸಿದೆ. ತಗಡನ್ನು ಬಿಗಿಹಿಡಿಯುವ ಒಳಗಿನ ರಿವೆಟ್ಟುಗಳನ್ನು ಹಲ್ಲು ನೋಡುವ ಪುಟ್ಟ ಕನ್ನಡಿಯಲ್ಲೇ ನೋಡಿದೆ. ನನ್ನ ಮುಂದೆ ಬಾಯಿ ತೆರೆದುಕೊಂಡು "ನೋವಾಗುತ್ತಾ ಡಾಕ್ಟ್ರೇ" ಎಂದು ಪೀಡಿಸದ ರೋಗಿ ಅದೊಂದೇ.

ಈಗ ಉಳಿದಿರುವ ದಾರಿ ಪಾಲಿಸಿಯನ್ನು ನನ್ನ ಹೆಸರಿಗೆ ಮಾಡಿಸುವುದು. ಅದಕ್ಕೆ ನಿಮ್ಮ ಒಂದು ಸಹಿ ಬೇಕು. ಅರ್ಜಿ ಕಳಿಸಿ ಎಷ್ಟು ದಿನವಾಯಿತು? ಮೊದಲು ಕನ್ನಡಕ ಒಡೆದಿದೆ ಎಂದಿರಿ. ಆಮೇಲೆ "ನೋಡೋಣ" ಎಂದಿರಿ. ನಿಮ್ಮ "ನೋಡೋಣ" ಏನೆಂದು ನನಗೆ ಗೊತ್ತಿಲ್ಲವೇ? ನಮ್ಮ ಶೆಡ್ಡಿನಲ್ಲಿ ರೆಕ್ಕೆ ಜೋಡಿಸುವಷ್ಟು ಅಗಲವಿಲ್ಲ. ವಿಮೆಯ ಕಾಗದವಿಲ್ಲದೆ ಏರ್‌ಫೀಲ್ಡಿನವರು ತಮ್ಮ ದೊಡ್ಡ ಶೆಡ್ಡಿಗೆ ಸೇರಿಸುವುದಿಲ್ಲ. ಹಾಗಾಗಿ ನೀವು ಸಹಿ ಹಾಕುವ ತನಕ ರೆಕ್ಕೆ ಒಂದು ಗೋಡೆಗೆ, ಮೈ ಇನ್ನೊಂದು ಗೋಡೆಗೆ. ಇದು ನಿಮಗೂ ಗೊತ್ತು.

ಗೊತ್ತಿದ್ದೇ ಸುಮ್ಮನಿದ್ದೀರಿ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ನಿಮ್ಮ ಅಕ್ಕ ಬಾಯಿ ತಪ್ಪಿ ಹೇಳಿಬಿಟ್ಟರು. "ರೆಕ್ಕೆ ಜೋಡಿಸದಿದ್ರೆ ಅವಳು ಹಾರಲ್ಲ. ನಂಗೆ ಅಷ್ಟು ಸಾಕು" ಎಂದಿರಂತೆ, ಊಟಕ್ಕೆ ಕೂತಾಗ. ಕೇಳಿ ಮೈಯೆಲ್ಲ ಉರಿದುಹೋಯಿತು. ಅವತ್ತೇ ಈ ಪತ್ರ ಬರೆದಿದ್ದರೆ ಕಾಗದವೇ ಸುಟ್ಟುಹೋಗುತ್ತಿತ್ತು.

ನಾವು ಗಾಳಿಪಟ ಎಂದೇ ಕರೆಯುತ್ತಿದ್ದ ನಿಮ್ಮ ಗೆಳೆಯ, ತಾನೇ ಕಟ್ಟಿದ ವಿಮಾನದ ಜೊತೆ ಬಯಲಿನಲ್ಲಿ ಬಿದ್ದು ತೀರಿಕೊಂಡ ದಿನ ನಾನು ಮರೆತಿಲ್ಲ. ನೀವು ಬಂದು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಿರಿ, ಮತ್ತೆ ಡ್ರಿಲ್ ಮುಟ್ಟಲಿಲ್ಲ. ನಾನು ನಿಲ್ಲಿಸುವುದಿಲ್ಲ ಎಂದೆ. ನೀನು ಹಾರೋ ದಿನ ನಾನು ಈ ಊರಲ್ಲಿ ಇರಲ್ಲ ಎಂದಿರಿ. ಎಷ್ಟಾದರೂ ಮುಂದಾಲೋಚನೆಯ ಮನುಷ್ಯ, ಎರಡು ವರ್ಷ ಮೊದಲೇ ಹೊರಟಿರಿ! ನನಗೂ ಭಯವಿದೆ ಕಣ್ರೀ. ಒಂದೊಂದು ರಿವೆಟ್ ಹೊಡೆಯುವಾಗಲೂ ಇದೆ. ಆದರೆ ಭಯಪಟ್ಟ ಕೈ ಎರಡು ಸಲ ಪರೀಕ್ಷೆ ಮಾಡುತ್ತದೆ, ಅದರಿಂದ ವಿಮಾನಕ್ಕೆ ಒಳ್ಳೆಯದೇ ಆಗಿದೆ.

ಆ ಹುಡುಗಿಯನ್ನು ಇನ್ನೊಂದು ಮಾತು ಕೇಳಿದೆ. ತಗಡಿಗೆ ಬೆಲೆ ಹಾಕಿದ್ದೀರಿ, ಎಂಜಿನ್ನಿಗೆ ಹಾಕಿದ್ದೀರಿ, ಇಷ್ಟು ವರ್ಷ ನಾವು ಕೈ ಸವೆಸಿದ್ದಕ್ಕೆ ಎಷ್ಟು ಎಂದೆ. ಸ್ವಂತ ದುಡಿಮೆಗೆ ಬೆಲೆ ಹಾಕುವುದಿಲ್ಲವಂತೆ, ಅದಕ್ಕೆ ಜಾಗವೇ ಇಲ್ಲವಂತೆ. ಸರಿ, ಬೆಲೆ ಬೇಡ. ಹೆಸರಾದರೂ ಇರಲಿ. ಕಟ್ಟುತ್ತಿರುವವರು ಯಾರು ಎಂದು ಕೇಳಿದ ಕಡೆ ನನ್ನ ಹೆಸರಿರಬೇಕು. ಅದು ನನ್ನ ಹಕ್ಕು.

ನೀವು ಸಹಿ ಹಾಕದಿದ್ದರೆ ನಾನೇನೂ ಕೈ ಕಟ್ಟಿ ಕೂರುವುದಿಲ್ಲ. ಈ ಪಾಲಿಸಿ ಮುಗಿಯಲಿ ಎಂದು ಬಿಟ್ಟು ಹೊಸದಾಗಿ ಅರ್ಜಿ ಹಾಕುತ್ತೇನೆ. ಅರ್ಧ ಕಟ್ಟಿದ ವಿಮಾನ ಎಂದರೆ ಸತಾಯಿಸುತ್ತಾರೆ, ಅಲೆದಾಡಿಸುತ್ತಾರೆ. ಅಲೆಯುತ್ತೇನೆ. ಆದರೆ ನಾನು ಹಾರುತ್ತೇನೆ ಎಂದು ಗೊತ್ತಿದ್ದೂ ನನ್ನ ಗಂಡ ಸಹಿ ಹಾಕಿದರು ಎಂದು ಹೇಳಿಕೊಳ್ಳುವ ಆಸೆ ನನಗೆ. ಆಸೆ ಏನು, ಹಟವೇ ಅಂದುಕೊಳ್ಳಿ. ಅರ್ಜಿಯ ಇನ್ನೊಂದು ಪ್ರತಿಯನ್ನು, ವಿಳಾಸ ಬರೆದ ಲಕೋಟೆಯನ್ನು, ಒಂದು ಪೆನ್ನನ್ನೂ ಇಟ್ಟಿದ್ದೇನೆ. ಇನ್ನು ನೆವ ಹೇಳಬೇಡಿ.

ಇಂತಿ,
ಇವತ್ತಿಗೂ ನಿಮ್ಮ ಹೆಂಡತಿಯೇ ಆಗಿರುವ
ಹಲ್ಲಿನ ಡಾಕ್ಟರು

(ಈ ಹಾಳೆಯ ಹಿಂಬದಿಯಲ್ಲಿ ಇನ್ನೂ ಕೆಲವು ಸಾಲುಗಳಿವೆ. ಸಹಿ ಹಾಕಿ, ಲಕೋಟೆಯನ್ನು ಅಂಚೆಪೆಟ್ಟಿಗೆಗೆ ಹಾಕಿ ಬಂದ ಮೇಲೆ ಓದಿ. ಹಾಕಿಲ್ಲವೋ, ತಿರುಗಿಸಬೇಡಿ. ನಿಮ್ಮ ಪ್ರಾಮಾಣಿಕತೆಯ ಮೇಲೆ ನನಗೆ ನಂಬಿಕೆಯಿದೆ.)

ವಿ.ಸೂ.: ವಿಮಾನ ನಡೆಸುವವಳು ನಾನಲ್ಲ. ಪೈಲಟ್ ಆಗಲು ಮಾಡಿಸಿದ ವೈದ್ಯಕೀಯ ಪರೀಕ್ಷೆಯಲ್ಲಿ ಎಡಗಿವಿ ಕೈಕೊಟ್ಟಿತು. ಮೇಲೆ ಹೋದಾಗ ತಲೆ ಸುತ್ತಬಹುದು, ಯಾವತ್ತಿಗೂ ಪರವಾನಗಿ ಸಿಗುವುದಿಲ್ಲ ಎಂದರು. ಅವತ್ತು ಶೆಡ್ಡಿನ ಬಾಗಿಲು ಹಾಕಿಕೊಂಡು ಗೊಳೋ ಎಂದು ಅತ್ತೆ. ಮಾರನೆಯ ದಿನ ಬಾಲಕ್ಕೆ ಹೊಸ ತಗಡು ಕತ್ತರಿಸಿದೆ. ಇದನ್ನು ಮೊದಲೇ ಬರೆದಿದ್ದರೆ ನೀವು ಉಸ್ಸಪ್ಪಾ ಎಂದು ಸಹಿ ಹಾಕುತ್ತಿದ್ದಿರಿ. ಆ ಸಹಿ ನನಗೆ ಬೇಡವಾಗಿತ್ತು. ಪರೀಕ್ಷಾ ಹಾರಾಟಕ್ಕೆ ಏರ್‌ಫೀಲ್ಡಿನ ಪೈಲಟ್ ಒಬ್ಬರು ಒಪ್ಪಿದ್ದಾರೆ. ಅದು ಮುಗಿದ ಮೇಲೆ ಪಕ್ಕದ ಸೀಟಿನಲ್ಲಿ ನಾನು ಕೂರುತ್ತೇನೆ. ಆ ಸೀಟಿಗೆ ಕಿವಿ ಪರೀಕ್ಷೆ ಇಲ್ಲವಂತೆ, ವಿಚಾರಿಸಿಕೊಂಡೇ ಬಂದಿದ್ದೇನೆ.