ಅಮ್ಮನ ಸಿಟ್ಟು, ಅಮ್ಮನ ಬಿಪಿ

ನ್ಯಾಮತಿ
5-10-2025

ಮುದ್ದಿನ ಮಗಳು ಸಂಧ್ಯಾರಾಣಿಗೆ ಅಪ್ಪನ ಅಕ್ಕರೆಯ ಆಶೀರ್ವಾದಗಳು.

ಹೇಗಿದ್ದೀಯವ್ವ? ಜಗಳೂರಿನ ಬಿಸಿಲಿಗೆ ಬರುತ್ತಿದ್ದ ತಲೆನೋವು ಕಡಿಮೆಯಾಯಿತೆ? ಸ್ಕೂಲಿಗೆ ಹೊರಡುವ ಅವಸರದಲ್ಲಿ ತಿಂಡಿ ಬಿಡಬೇಡ. ಫೋನಿನಲ್ಲಿ ಸ್ಪೀಕರ್ ಹಾಕದೆ ನನಗೆ ಕೇಳಿಸದು, ಹಾಕಿದರೆ ನಿನ್ನಮ್ಮನಿಗೂ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ನಿನಗೂ ರೇಣುಕಪ್ರಸಾದನಿಗೂ ವಿಚ್ಛೇದನವಾದದ್ದನ್ನು ಅವಳ ಬಿಪಿಗೆ ಹೆದರಿ ಇನ್ನೂ ಹೇಳಿಲ್ಲ. ಅಳಿಯ ಎಲ್ಲಿ ಎಂದು ಕೇಳಿಯಾಳೆಂದು ನಿನ್ನನ್ನು ಆಸ್ಪತ್ರೆಗೂ ಬರಬೇಡವೆಂದೆ. ನೀನು ಅತ್ತದ್ದು ನನಗೆ ಗೊತ್ತು.

ಆಪರೇಷನ್ ಆದ ಮೇಲೆ ಅವಳು ಚೆನ್ನಾಗಿದ್ದಾಳೆ. ಬಿಪಿಗೆ ಅವಳ ಸಿಟ್ಟೇ ಕಾರಣವೆಂದು ನಂಬಿ ಇಷ್ಟು ವರ್ಷ ಅವಳೆದುರು ಕೆಮ್ಮಲೂ ಹೆದರುತ್ತಿದ್ದೆವಲ್ಲ! ದಾವಣಗೆರೆಯ ಡಾಕ್ಟರಮ್ಮ ನುಜಹತ್ ಮಾತ್ರ ಅದನ್ನು ಒಪ್ಪಲಿಲ್ಲ. "ಸಿಟ್ಟು ಬಂದಾಗ ನರಗಳು ಬಿಪಿ ಏರಿಸ್ತಾವೆ, ಸಿಟ್ಟು ಇಳಿದ್ರೆ ಅದೂ ಇಳೀತೈತೆ. ಇವ್ರದ್ದು ನಿದ್ದೇಲೂ ಇಳೀತಿಲ್ಲ, ಬೇರೆ ಏನೋ ಐತೆ" ಎಂದು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಗ್ರಂಥಿಯಲ್ಲಿ ಅವರೆಕಾಳಿನಷ್ಟು ಗಂಟು! ಅದು ಆಲ್ಡೋಸ್ಟೆರೋನ್ ಎಂಬ ಸ್ಟೀರಾಯ್ಡ್ ಹಾರ್ಮೋನನ್ನು ಮಿತಿಮೀರಿ ಸುರಿಸುತ್ತಿತ್ತಂತೆ, ಆ ಹಾರ್ಮೋನು ಉಪ್ಪನ್ನೂ ನೀರನ್ನೂ ಮೈಯಿಂದ ಹೊರಗೆ ಬಿಡುತ್ತಿರಲಿಲ್ಲವಂತೆ. ಸಪ್ಪೆ ಸಾರು ಉಣ್ಣಿಸಿ ಹಿಡಿ ಮಾತ್ರೆ ನುಂಗಿಸಿದರೂ ಬಿಪಿ ಜಗ್ಗದಿದ್ದುದು ಅದಕ್ಕೇ. ಅಷ್ಟು ಚಿಕ್ಕದು ಇಡೀ ಮನೆಯನ್ನು ಆಳಿತಲ್ಲ ಎಂದು ಬೆರಗಾದೆ. ಅದನ್ನು ಹುಡುಕಿ ತೆಗೆಸಿದ ಆ ತಾಯಿಗೆ ಕೈ ಮುಗಿದೆ.

ಗಂಟು ಹೋಯಿತು, ಬಿಪಿ ಇಳಿಯಿತು, ಸಿಟ್ಟು ಮಾತ್ರ ಇದ್ದ ಹಾಗೇ ಇದೆ. ನಿನ್ನೆ ಸಿಲಿಂಡರ್ ತಡವಾಯಿತೆಂದು ಏಜೆನ್ಸಿಯವರ ಬೆವರಿಳಿಸಿದಳು. ಕೇಳಿ ನನಗೆ ಖುಷಿಯೇ ಆಯಿತು. ಅದು ಹಾರ್ಮೋನಿನದಲ್ಲ, ಅಪ್ಪಟ ನಿನ್ನಮ್ಮ ರುದ್ರಾಣಿಯದು. ಇನ್ನು ಒಮ್ಮೊಮ್ಮೆ ಸಿಟ್ಟು ಬಂದರೂ ಭಯವಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಆದರೂ ನಿನ್ನ ವಿಷಯ ಹೇಳಲು ನನಗೇ ಧೈರ್ಯ ಸಾಲದು. ಏನು ಮಾಡಲಿ, ನೀನೇ ಬರೆ.

ನಿನ್ನ ಮನಸ್ಸು ಗಟ್ಟಿಯಾಗಿರಲಿ, ಕೆಲಸ ಕೈಹಿಡಿಯಲಿ.

ಇಂತಿ ನಿನ್ನ ಅಪ್ಪ,
ಪಂಚಾಕ್ಷರಪ್ಪ

ತಾ.ಕ. ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅವಳೇ ಬಂದು "ದೀಪಾವಳಿಗೆ ಮಗಳು-ಅಳಿಯನ್ನ ಕರೀರಿ" ಎಂದಳು. ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ, ಎಲ್ಲ ಹೇಳಿಬಿಟ್ಟೆ. ಮನೆ ಹಾರಿಹೋಗುವಂತೆ ಕೂಗಾಡಿದಳು, ಆಮೇಲೆ ಅತ್ತಳು. ಅವಳ ತೋಳಿಗೆ ಬಿಪಿ ಮಿಷನ್ ಕಟ್ಟಿದೆ, ನೂರಾ ಎಪ್ಪತ್ತು. ನೀರು ಕುಡಿದು ಸ್ವಲ್ಪ ಹೊತ್ತು ಕೂತ ಮೇಲೆ ನೋಡಿದರೆ ನೂರಾ ಮೂವತ್ತು. ಇಳಿಯಿತು ಮಗಳೇ, ತಾನಾಗಿಯೇ ಇಳಿಯಿತು! ಮಿಷನ್ ಬಿಚ್ಚಿ ಪಕ್ಕಕ್ಕೆ ತಳ್ಳಿ ಅವಳೆಂದಳು: "ನನ್ ಬಿಪಿ ಕಾಯಾಕೆ ಹೋಗಿ ಮಗಳನ್ನ ಒಬ್ಳೇ ಅಳಾಕೆ ಬಿಟ್ರೇನ್ರೀ? ಹಬ್ಬಕ್ಕೆ ಬರಾಕೆ ಹೇಳ್ರಿ. ನಾನು ಹೆತ್ತಿದ್ದು ಅವಳನ್ನ, ಅಳಿಯನ್ನಲ್ಲ."